ದೊಡ್ಡಪ್ಪ ಕುಡಿದ ಗಂಜಿ

ನಮ್ಮ ದೊಡ್ಡಪ್ಪ ಶಾಸಕರಾಗಿದ್ದಾಗ ಅವರ ಪ್ರವಾಸದ ಪಟ್ಟಿಯನ್ನು ಬರೆಯುತ್ತಿದ್ದವರು ಆಪ್ತ ಸಹಾಯಕರಾದರೂ ತಿದ್ದುತ್ತಿದ್ದುದು ದೊಡ್ಡಪ್ಪನ ಹೊಟ್ಟೆ. ಗೌರಿಬಿದನೂರಿನ ಸಭೆ ಬೆಳಗ್ಗೆಯೇ ಇರಬೇಕು, ಅಲ್ಲಿ ರೈಲ್ವೆ ಸ್ಟೇಷನ್ ಬಳಿ ಬಿಸಿ ಇಡ್ಲಿ ಸಿಗುತ್ತದೆ. ಮಧ್ಯಾಹ್ನದ ಕಾರ್ಯಕ್ರಮ ಯಾವ ಊರಲ್ಲಿದ್ದರೂ ಭಾಷಣ ಊಟದ ಹೊತ್ತಿಗೆ, ಗಡಿಯಾರ ಒಂದು ಹೊಡೆಯುವುದರೊಳಗೆ ಮುಗಿಯಬೇಕು. ಅಷ್ಟು ಚುಟುಕಾಗಿ ಮಾತಾಡುವ ರಾಜಕಾರಣಿ ಇನ್ನೊಬ್ಬರಿಲ್ಲವೆಂದು ಜನ ಹೊಗಳುತ್ತಿದ್ದರು. ಕಾರಣ ಹತ್ತಿರದವರಿಗಷ್ಟೇ ಗೊತ್ತಿತ್ತು.

ಒಂದು ಭಾನುವಾರ ಅವರು ಮುರುಗಮಲ್ಲದ ಕಡೆ ಹೊರಟಿದ್ದರು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಅಂದು ರಜೆ. ಚಿಂತಾಮಣಿಯಲ್ಲಿರುವ ಅತ್ತೆ ಮನೆಗೆ ಬಸ್ಸಿಗೆ ಕಾಯುವ ಬದಲು ಅವರ ಕಾರು ಹತ್ತಿದೆ. ಶಿಡ್ಲಘಟ್ಟ ದಾಟಿ ಒಂದು ಸಣ್ಣ ಹಳ್ಳಿಯ ಹತ್ತಿರ ಕಾರು ಕೆಟ್ಟು ನಿಂತಿತು. ಮೆಕ್ಯಾನಿಕ್ ಬರಲು ಹೊತ್ತಾಗುತ್ತದೆ ಎಂದ ಡ್ರೈವರ್. ಮುರುಗಮಲ್ಲದಲ್ಲಿ ಬೆಂಬಲಿಗರೊಬ್ಬರು ಕೋಳಿ ಸಾರು ಮಾಡಿಸಿ ಕಾಯುತ್ತಿದ್ದರು. ದೊಡ್ಡಪ್ಪ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಆಗಿತ್ತು, ಊಟದ ಹೊತ್ತು ಮೀರಿತ್ತು. ಅವರ ಕೈ ಸಣ್ಣಗೆ ನಡುಗತೊಡಗಿತು.

ಹತ್ತಿರದ ಮನೆಯ ಜಗಲಿಯ ಮೇಲೆ ಕೂತು, ಬಾಗಿಲಲ್ಲಿ ನಿಂತಿದ್ದ ಮುದುಕಿಯನ್ನು ತಿನ್ನಲು ಏನಾದರೂ ಇದೆಯಾ ಎಂದು ಕೇಳಿದರು. ಆಕೆ ಒಮ್ಮೆ ಒಳಗೆ, ಒಮ್ಮೆ ಅವರ ಕಡೆ ನೋಡಿದಳು. ವೋಟು ಕೇಳಿದ ಮೇಲೆ ಈ ಕಡೆ ತಲೆ ಹಾಕಿಲ್ಲವೆಂದು ಸಿಟ್ಟಿರಬೇಕು ಎಂದು ದೊಡ್ಡಪ್ಪ ಲೆಕ್ಕ ಹಾಕಿ, ಕೈ ಮುಗಿದು ತಮ್ಮ ಎಂದಿನ ನಗೆ ನಕ್ಕರು. ಆಕೆ ಒಳಗೆ ಹೋದಳು. ನೀರು ತರಲೆಂದು ನಾನೂ ಹಿಂದೆ ಹೋದೆ. ಒಲೆ ತಣ್ಣಗಿತ್ತು. ಡಬ್ಬಿಯ ತಳದಲ್ಲಿ ಒಂದು ಹಿಡಿ ರಾಗಿ ಹಿಟ್ಟಿತ್ತು. ಆಕೆ ಡಬ್ಬಿ ತಟ್ಟಿ ತಟ್ಟಿ ಅದನ್ನು ಪೂರ್ತಿ ಉದುರಿಸಿಕೊಂಡು ಗಂಜಿ ಕಾಯಿಸಿದಳು. ನಾನು ಬೇಡವೆಂದರೂ ಕೇಳಲಿಲ್ಲ.

ದೊಡ್ಡಪ್ಪ ಗಟಗಟ ಕುಡಿದು ಇನ್ನೊಂದು ಲೋಟ ಕೇಳಿದರು. ನಾನು ಕಣ್ಸನ್ನೆ ಮಾಡಿದ್ದು ಅವರಿಗೆ ಕಾಣಲಿಲ್ಲ. ಅದನ್ನೂ ಕುಡಿದು, ನಡುಕ ನಿಂತ ಮೇಲೆ, ಉಪಚಾರದ ಮಾತಿಗೆ ಕೇಳಿದರು: “ನಿಂದು ಊಟ ಆಯ್ತೇನಮ್ಮ?”

“ಇವತ್ತಿಂದು ನೀನೇ ಕುಡ್ದ್ಯಲ್ಲ ನಾಯನಾ,” ಎಂದಳು ಆಕೆ. ಸಿಟ್ಟಿನಿಂದಲ್ಲ, ನಗುತ್ತಲೇ.

ದೊಡ್ಡಪ್ಪ ಲೋಟ ಕೆಳಗಿಟ್ಟರು. ಆಮೇಲೆ ಒಂದೊಂದಾಗಿ ಕೇಳಿ ತಿಳಿದುಕೊಂಡರು. ಆಕೆ ಮೊದಲಿನಿಂದ ರೇಷ್ಮೆ ನೂಲು ಬಿಚ್ಚುವ ಕೆಲಸದವಳು. ಬಿಸಿನೀರಲ್ಲಿ ಗೂಡು ಅದ್ದಿ ಎಳೆ ತೆಗೆದೂ ತೆಗೆದೂ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ರೇಷನ್ ಅಂಗಡಿಯ ಮೆಷಿನ್ ಅವಳ ಹೆಬ್ಬೆಟ್ಟು ತಗೊಳ್ಳುತ್ತಿರಲಿಲ್ಲ. ಮಕ್ಕಳಿರಲಿಲ್ಲ, ಮಂಡಿ ನೋವಿಗೆ ಕೂಲಿಯೂ ನಿಂತಿತ್ತು. ಅಕ್ಕಪಕ್ಕದವರು ಕೊಟ್ಟ ದಿನ ಒಲೆ ಹೊತ್ತುತ್ತಿತ್ತು.

ಕಾರು ರಿಪೇರಿಯಾದ ಮೇಲೆ ನಾನೂ ಅವರ ಜೊತೆಗೇ ಹೋದೆ. ಆ ದಿನ ಮುರುಗಮಲ್ಲದಲ್ಲಿ ದೊಡ್ಡಪ್ಪ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಉಪ್ಪು ಹೆಚ್ಚಾಯಿತೇ ಎಂದು ಮನೆಯ ಯಜಮಾನರು ಗಾಬರಿಯಾದರು. ದೊಡ್ಡಪ್ಪ ಮುದ್ದೆ, ಸಾರು, ಒಂದು ಚೀಲ ಅಕ್ಕಿಯನ್ನು ಕಾರಿಗೆ ಹಾಕಿಸಿ ನನ್ನನ್ನೇ ಮುದುಕಿಯ ಮನೆಗೆ ವಾಪಸ್ ಕಳಿಸಿದರು. “ಕೊಟ್ಟು ಬಂದ್ಬಿಡಬೇಡ, ಅವಳು ಉಂಡ ಮೇಲೆ ಬಾ ಕಣಮ್ಮ,” ಎಂದರು. ಅತ್ತೆ ಮನೆ ಸೇರಿದಾಗ ಸಂಜೆಯಾಗಿತ್ತು.

ಮುಂದಿನದನ್ನು ನಾನು ಕೇಳಿ ತಿಳಿದದ್ದು. ಚಿಕ್ಕಬಳ್ಳಾಪುರದ ಪರಿಶೀಲನಾ ಸಭೆಯಲ್ಲಿ ಅವರು ಈ ವಿಷಯ ಎತ್ತಿದರು. ಹೆಬ್ಬೆಟ್ಟು ಹೊಂದದಿದ್ದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು ಅಧಿಕಾರಿಗಳು. “ಬೆರಳಲ್ಲಿ ಗೆರೆ ಇಲ್ಲ ಅಂದ್ರೆ ಹೊಟ್ಟೇನೂ ಇಲ್ಲ ಅಂತಾನಾ?” ಎಂದು ದೊಡ್ಡಪ್ಪ ಕೇಳಿದರಂತೆ. ಅಧಿಕಾರಿಗಳಿಗೆ ಅವರ ಹೊಟ್ಟೆಯ ಮೇಲೆ ಬಲವಾದ ನಂಬಿಕೆ. ಊಟದ ಹೊತ್ತಿಗೆ ತಾವಾಗಿಯೇ ಏಳುತ್ತಾರೆಂದು ಕಾದರು. ಪಕ್ಕದ ಕೋಣೆಯಿಂದ ಬಿಸಿಬೇಳೆಬಾತಿನ ವಾಸನೆ ಬಂದರೂ ದೊಡ್ಡಪ್ಪ ಏಳಲಿಲ್ಲ. ಅವರು ಏಳದೆ ಉಳಿದವರೂ ಏಳುವಂತಿಲ್ಲ. ಬಾತು ಆರಿ ಗಟ್ಟಿಯಾಗುವಷ್ಟರಲ್ಲಿ ದಾರಿಯೊಂದು ಸಿಕ್ಕಿತು: ಅಂಥವರನ್ನು ಗ್ರಾಮ ಲೆಕ್ಕಿಗರು ಮುಖ ನೋಡಿ ಗುರುತಿಸಿದರೆ ಸಾಕು, ರೇಷನ್ ಕೊಡಬೇಕು. ಮೊದಲು ಅವರ ಕ್ಷೇತ್ರದಲ್ಲಿ ಅದು ನಡೆಯಿತು. ವಿಧಾನಸಭೆಯಲ್ಲಿ ಮಾತಾಡಿ, ಮಂತ್ರಿಗಳ ಬೆನ್ನು ಬಿದ್ದು, ವರ್ಷದೊಳಗೆ ಉಳಿದ ಊರುಗಳಿಗೂ ಆದೇಶ ತಂದರು.

ಹೋದಲ್ಲೆಲ್ಲ ಸನ್ಮಾನ ಶುರುವಾಯಿತು. ಒಂದೊಂದು ವೇದಿಕೆಯಲ್ಲೂ ದೊಡ್ಡಪ್ಪನ ಹಸಿವು ಬೆಳೆಯುತ್ತಾ ಹೋಗಿ, ಕೊನೆಗೆ ಎರಡು ದಿನದ ಉಪವಾಸವಾಯಿತು. “ಒಂದೂವರೆ ಗಂಟೆ ತಡ ಆಗಿದ್ದಕ್ಕೆ ಏನ್ ಕಥೆ ಕಟ್ತಾರೆ ನೋಡೇ,” ಎಂದು ದೊಡ್ಡಮ್ಮ ನನ್ನ ಕಿವಿಯಲ್ಲಿ ಹೇಳಿದರು. ಆದರೂ, ಯಾವುದೋ ಅಂಗಡಿಯಲ್ಲಿ ಮುದುಕರನ್ನು ಬರಿಗೈಯಲ್ಲಿ ಕಳಿಸಿದರೆಂದು ಫೋನು ಬಂದರೆ ಅನ್ನದ ಮುಂದಿನಿಂದ ಎದ್ದು ಹೋಗಿ ಮಾತಾಡುವುದನ್ನು ನಾನೇ ನೋಡಿದ್ದೇನೆ.

ಯುಗಾದಿಯ ಮಾರನೆಯ ದಿನ ದೊಡ್ಡಪ್ಪನ ಕಾರಲ್ಲಿ ಆ ಮುದುಕಿಯ ಮನೆಗೆ ಹೋಗಿದ್ದೆ. ಟೀ ಕೊಟ್ಟಳು. ಅವಳಿಗೆ ರೇಷನ್ ಬರುತ್ತಿತ್ತು, ಆದರೆ ಅದು ತನ್ನೊಬ್ಬಳಿಗೆ ಮಾಡಿಕೊಟ್ಟ ಏರ್ಪಾಡು ಎಂದುಕೊಂಡಿದ್ದಳು. ಎಲ್ಲ ಊರಿಗೂ ಆಗಿದೆ ಎಂದು ಬಿಡಿಸಿ ಹೇಳಿದೆ.

“ಪಕ್ಕದೂರಿಗೂ ಕೊಡ್ತಾರಾ?” ಎಂದು ಕೇಳಿದಳು.

ಹೌದೆಂದೆ.

“ಅಲ್ಲಿ ನನ್ ತಂಗಿ ಅವ್ಳೆ. ಅವಳ್ದೂ ಇದೇ ಬೆರಳು.”

ಅಷ್ಟು ಹೇಳಿ ಚಪ್ಪಲಿ ಮೆಟ್ಟಿ, ಮಂಡಿ ಹಿಡಿದುಕೊಂಡು ಹೊರಟೇಬಿಟ್ಟಳು. ನಾನು ಟೀ ಅರ್ಧಕ್ಕೇ ಬಿಟ್ಟು, ಕಾರಲ್ಲಿ ಬಿಡುತ್ತೇನೆಂದು ಕೂಗುತ್ತಾ ಅವಳ ಹಿಂದೆ ಓಡಿದೆ.