ನಾಲ್ಕನೇ ಜ್ವರ

ನಮ್ಮ ಮನೆ ಎದುರಿನ ಸೈಟಿನಲ್ಲಿ ಕಟ್ಟಡದ ಕೆಲಸ ನಡೆಯುತ್ತಿದೆ. ಕಾವಲಿಗಿರುವ ಗಂಡಹೆಂಡತಿ ಬೆಳಿಗ್ಗೆ ಚಳಿ ಕಾಯಿಸಿಕೊಳ್ಳಲು ಮರಳಿನ ಗುಡ್ಡೆಯ ಮೇಲೇ ಹಲಗೆ ಚೂರು ಹಾಕಿ ಬೆಂಕಿ ಮಾಡುತ್ತಾರೆ. ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದ ಚಳಿ ತಮಾಷೆಯದಲ್ಲ. ಎಂಟು ಗಂಟೆಯಾದರೂ ಬೆಟ್ಟದಿಂದ ಇಳಿದ ಮಂಜು ಬೀದಿ ಬಿಟ್ಟು ಕದಲುವುದಿಲ್ಲ. ಮೊನ್ನೆ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಬಾಗಿಲು ತೆಗೆದೆ, ಕಾದ ಮರಳಿನ ವಾಸನೆ ಮೂಗಿಗೆ ಬಂತು. ಈಗಿನದು ಹೊಳೆ ಮರಳೂ ಅಲ್ಲ, ಕಲ್ಲಿನ ಪುಡಿ. ಆದರೂ ನನ್ನ ಬಾಯಲ್ಲಿ ನೀರೂರಿತು. ಮರಳಿನ ವಾಸನೆಗೆ ಬಾಯಲ್ಲಿ ನೀರೂರುವುದು ಅಂದರೆ ಜನ ನಗುತ್ತಾರೆ. ನನಗೆ ಅದು ಕೇಕಿನ ವಾಸನೆ... ಹುಳದ ಮನೆ ಆಂಟಿಯ ವಾಸನೆ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಶಿಡ್ಲಘಟ್ಟಕ್ಕೆ ವರ್ಗವಾಯಿತು. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನಾವು ಮಂಚೇನಹಳ್ಳಿ ಕಡೆಯವರು. ಕಡಲೆಕಾಯಿ, ಜೋಳ ಗೊತ್ತು, ರೇಷ್ಮೆ ಗೊತ್ತಿಲ್ಲ. ಊರ ಕೊನೆಯಲ್ಲಿ ಬಾಡಿಗೆಗೆ ಸಿಕ್ಕ ಮನೆಯ ಪಕ್ಕಕ್ಕೇ ಅವರ ಮನೆ. ಮನೆಗೆ ಅಂಟಿದಂತೆ ರೇಷ್ಮೆ ಹುಳು ಸಾಕುವ ಉದ್ದನೆಯ ಕೋಣೆ ಇತ್ತು. ಊರವರೆಲ್ಲ ಅದನ್ನು ಹುಳದ ಮನೆ ಅನ್ನುತ್ತಿದ್ದರು, ನಾನು ಅವರನ್ನು ಹುಳದ ಮನೆ ಆಂಟಿ ಅಂದೆ. ಹೆಸರು ಕೇಳಬೇಕು ಅನ್ನಿಸಲೇ ಇಲ್ಲ. ಅವರ ಗಂಡ ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದು, ಅಲ್ಲೇ ರೂಮು ಮಾಡಿಕೊಂಡು ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದರು. ಮಕ್ಕಳಿರಲಿಲ್ಲ. ವಾರವೆಲ್ಲ ಆಂಟಿ ಮತ್ತು ಹುಳುಗಳು, ಅಷ್ಟೇ.

ಮೊದಲ ವಾರವೇ ನಾನು ಎಡವಟ್ಟು ಮಾಡಿಕೊಂಡೆ. ಕಾಂಪೌಂಡಿನ ಆಚೆಯಿಂದ ಅಮ್ಮನ ಜೊತೆ ಮಾತಾಡುತ್ತಾ ಅವರು, "ಈ ಸಲ ನೂರು ಮೊಟ್ಟೆ ತಂದಿದೀವಕ್ಕ" ಅಂದರು. ಅದೇ ಮಾತಿನಲ್ಲಿ, ಎಲ್ಲ ಚೆನ್ನಾಗಾದರೆ ಕೇಕ್ ಮಾಡುತ್ತೇನೆ, ಮಗೂಗೂ ಕೊಡುತ್ತೇನೆ ಅಂದರು. ನೂರು ಮೊಟ್ಟೆಯ ಕೇಕ್! ಅದು ಎಷ್ಟು ದೊಡ್ಡದಿರಬಹುದು ಅಂತ ಎರಡು ದಿನ ಲೆಕ್ಕ ಹಾಕಿದೆ. ಮೂರನೇ ದಿನ ತಡೆಯಲಾರದೆ ಹೋಗಿ, "ಆಂಟಿ, ಅಷ್ಟು ದೊಡ್ಡ ಪಾತ್ರೆ ನಿಮ್ಮತ್ರ ಇದೆಯಾ?" ಅಂತ ಕೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. "ಅಯ್ಯೋ ನನ್ ತಲ್ಲೀ! ಹುಳದ ಮೊಟ್ಟೆ ಕಣಮ್ಮ, ಕೋಳಿದಲ್ಲ!" ಅವರದು ಚಿಂತಾಮಣಿಯಿಂದಲೂ ಆಚೆ, ಆಂಧ್ರದ ಗಡಿ. ಪ್ರೀತಿ ಬಂದಾಗ ತೆಲುಗು ತಾನಾಗಿ ಬರುತ್ತಿತ್ತು. ತಲ್ಲಿ ಅಂದರೆ ತಾಯಿ. ಒಂಬತ್ತು ವರ್ಷದ ನನ್ನನ್ನು ಅವರು ತಾಯಿ ಮಾಡಿಬಿಟ್ಟಿದ್ದರು.

ಕೇಕ್ ಕಲಿತದ್ದು ಮಹಿಳಾ ಸಂಘದವರು ಮಾಡಿದ ಮೂರು ದಿನದ ತರಬೇತಿಯಲ್ಲಂತೆ. ಅಲ್ಲಿ ಓವನ್ ಇತ್ತು. ಮನೆಗೆ ಬಂದರೆ ಕೈಯಲ್ಲಿ ಸರ್ಟಿಫಿಕೇಟ್ ಇದೆ, ಓವನ್ ಇಲ್ಲ. ಚಳಿಗಾಲದಲ್ಲಿ ಹುಳುಗಳಿಗೆ ಬೆಚ್ಚಗಿರಲೆಂದು ಹುಳದ ಮನೆಯಲ್ಲಿ ಇದ್ದಿಲು ಒಲೆ ಉರಿಸುತ್ತಾರೆ. ಆಂಟಿ ಆ ಒಲೆಯನ್ನೇ ಹೊರಗೆ ಎಳೆದು, ಮೇಲೆ ದೊಡ್ಡ ದಬರಿ ಇಟ್ಟು, ಎರಡು ಬೆರಳು ಎತ್ತರ ಮರಳು ಸುರಿಯುತ್ತಿದ್ದರು. ಮರಳು ಕಾದ ಮೇಲೆ ಹಿಟ್ಟಿನ ಡಬ್ಬಿ ಒಳಗೆ. ಮುಚ್ಚಳದ ಮೇಲೂ ನಾಲ್ಕು ಕೆಂಡ. ಮುಕ್ಕಾಲು ಗಂಟೆ ನಾವಿಬ್ಬರೂ ದಬರಿಯ ಎರಡು ಕಡೆ ಕುಕ್ಕರುಗಾಲಲ್ಲಿ ಕೂತು ಕೈ ಕಾಯಿಸಿಕೊಳ್ಳುತ್ತಾ ಅವರೆಕಾಯಿ ಸುಲಿಯುತ್ತಿದ್ದೆವು. ಮೊದಲು ಬರುವುದು ಮರಳಿನ ವಾಸನೆ. ಆಮೇಲೆ ಬೆಣ್ಣೆಯದು, ಕೊನೆಗೆ ವೆನಿಲ್ಲಾ. "ಮೂರನೇ ವಾಸನೆ ಬರೋವರೆಗೂ ಮುಚ್ಚಳ ಮುಟ್ಟಂಗಿಲ್ಲ" ಅನ್ನುವುದು ಅವರ ಕಾನೂನು. ಅಂಚಿನಲ್ಲಿ ಸ್ವಲ್ಪ ಸೀದಿರುತ್ತಿತ್ತು, ಒಮ್ಮೊಮ್ಮೆ ಹಲ್ಲಿಗೆ ಮರಳೂ ಸಿಗುತ್ತಿತ್ತು. ಬೇಕರಿಯ ಗುಲಾಬಿ ಕ್ರೀಮಿನ ಕೇಕ್ ಎಷ್ಟೋ ತಿಂದಿದ್ದೇನೆ, ಇದರ ರುಚಿ ಇನ್ನೆಲ್ಲೂ ಸಿಕ್ಕಿಲ್ಲ.

ಆದರೆ ಬೇಕೆಂದಾಗ ಮಾಡುವ ಹಾಗಿರಲಿಲ್ಲ. ಹುಳುಗಳಿಗೆ ವಾಸನೆ ಆಗದು. ಅವು ಸೊಪ್ಪು ತಿನ್ನುವ ದಿನಗಳಲ್ಲಿ ಆಂಟಿ ಒಗ್ಗರಣೆ ಹಾಕುತ್ತಿರಲಿಲ್ಲ, ಊದಿನಕಡ್ಡಿ ಹಚ್ಚುತ್ತಿರಲಿಲ್ಲ. ನಾನು ಪೌಡರ್ ಹಚ್ಚಿಕೊಂಡು ಹೋದರೆ ಬಾಗಿಲಲ್ಲೇ ತಡೆಯುತ್ತಿದ್ದರು. ಹುಳು ಬಲಿತು ಹಣ್ಣಾಗಿ, ಗೂಡು ಕಟ್ಟಿ, ಗೂಡು ಮಾರ್ಕೆಟ್ಟಿಗೆ ಹೋದ ದಿನವೇ ಕೇಕ್. ಅಂದರೆ ತಿಂಗಳಿಗೊಂದು, ಬೆಳೆ ಕೈಹಿಡಿದರೆ. ಹೀಗಾಗಿ ನಾನು ಹುಳುಗಳ ಪಂಚಾಂಗ ಬಾಯಿಪಾಠ ಮಾಡಿಕೊಂಡೆ. ಹುಳು ನಾಲ್ಕು ಸಲ ತಿನ್ನುವುದು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಮಲಗಿ ಪೊರೆ ಬಿಡುತ್ತದೆ. ಅದಕ್ಕೆ ಅಲ್ಲಿಯವರು ಜ್ವರ ಅನ್ನುತ್ತಾರೆ, ಮತ್ತೆ ಸೊಪ್ಪಿಗೆ ಬಾಯಿ ಹಾಕಿದರೆ ಜ್ವರ ಎದ್ದಿತು ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ... ನಾಲ್ಕನೆಯದು ಎದ್ದರೆ ಎಂಟು ದಿನಕ್ಕೆ ಹಣ್ಣು, ಅಲ್ಲಿಂದ ಐದಾರು ದಿನಕ್ಕೆ ಮಾರ್ಕೆಟ್ಟು, ಅಂದೇ ಕೇಕ್. ಜ್ವರದ ದಿನಗಳಲ್ಲಿ ಹುಳುಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ, ಹೊರಗಿನವರು ಆ ಕಡೆ ಸುಳಿಯಬಾರದು. ಸೊಪ್ಪು ಕೊಯ್ದು ಕೊಡುವ ಹೆಂಗಸಿಗೂ ಹೇಳಿಕಳಿಸುವವರೆಗೆ ರಜೆ. ಅಮ್ಮನೂ ಇದನ್ನೆಲ್ಲ ಕಲಿತಳು. ಪಕ್ಕದ ಮನೆಯಲ್ಲಿ ಜ್ವರ ಅಂದರೆ ನಮ್ಮ ಮನೆಯಲ್ಲೂ ಅಂದು ಮೆಣಸಿನಕಾಯಿ ಹುರಿಯುತ್ತಿರಲಿಲ್ಲ. "ಯಾವ ಊರಿಗೆ ಹೋದ್ರೆ ಆ ಊರಿನ ನೀರು ಕುಡೀಬೇಕು" ಅನ್ನುತ್ತಿದ್ದಳು. ವರ್ಷ ತುಂಬುವುದರೊಳಗೆ ನಾವು ಶಿಡ್ಲಘಟ್ಟದವರಿಗಿಂತ ಶಿಡ್ಲಘಟ್ಟದವರಾಗಿದ್ದೆವು. ಅದು ನಮ್ಮ ಹೆಮ್ಮೆ.

ಎರಡನೇ ವರ್ಷದ ಡಿಸೆಂಬರಿನಲ್ಲಿ ನಾನು ಸ್ಕೂಲಿನಲ್ಲಿ ಜಂಭ ಕೊಚ್ಚಿಬಿಟ್ಟೆ. ಹೊಸ ವರ್ಷಕ್ಕೆ ಇಡೀ ಕ್ಲಾಸಿಗೆ ಕೇಕ್ ತರುತ್ತೇನೆ ಅಂದೆ. ಆಂಟಿಯೂ ಒಪ್ಪಿದ್ದರು, ಎರಡು ಡಬ್ಬಿ ಮಾಡೋಣ ಅಂದಿದ್ದರು. ಬೆರಳು ಮಡಚಿ ಎಣಿಸಿದೆ. ನಾಲ್ಕನೇ ಜ್ವರ ಹೇಳಿದ ದಿನಕ್ಕೆ ಎದ್ದರೆ ಮೂವತ್ತೊಂದಕ್ಕೆ ಸರಿಯಾಗಿ ಗೂಡು ಮಾರ್ಕೆಟ್ಟಿಗೆ. ಒಂದು ದಿನ ತಡವಾದರೂ ನನ್ನ ಮಾನ ಹೋಗುತ್ತದೆ.

ಜ್ವರ ಏಳಬೇಕಾದ ದಿನ ಗುರುವಾರ. ಸ್ಕೂಲಿಗೆ ಹೊರಟವಳು ಅವರ ಬಾಗಿಲಿಗೆ ಓಡಿದೆ. ಒಳಗೆ ಹೋಗುವಂತಿಲ್ಲವಲ್ಲ, ಹೊಸ್ತಿಲಾಚೆ ನಿಂತೇ ಕೂಗಿದೆ. ಆಂಟಿ ತುಂಬ ಹೊತ್ತಿಗೆ ಬಂದರು. ತಲೆಗೆ ಟವೆಲು ಸುತ್ತಿದ್ದರು. ಚಳಿಗೆ ಎಲ್ಲರೂ ಸುತ್ತುತ್ತಾರೆ.

"ಆಂಟಿ, ಜ್ವರ ಎದ್ದಾಯ್ತಾ?"

"ಎಲ್ಲಿ ತಲ್ಲೀ... ಏಳಕ್ಕೇ ಆಗ್ತಿಲ್ಲ." ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನ ಕೆನ್ನೆ ಮುಟ್ಟಿದರು. "ಅಮ್ಮಂಗೊಂದು ಮಾತು ಹೇಳಮ್ಮ, ಜ್ವರ ಅಂತ."

ಅವರ ಕೈ ಬಿಸಿಯಾಗಿತ್ತು. ಆ ಚಳಿಯಲ್ಲಿ ಆ ಬಿಸಿ ನನಗೆ ಹಿತವಾಗಿತ್ತು, ಇನ್ನೊಂದು ಗಳಿಗೆ ಇಟ್ಟುಕೊಂಡಿರಲಿ ಅನ್ನಿಸಿತ್ತು. ಒಲೆ ಕಾಯಿಸಿಕೊಂಡು ಬಂದಿದ್ದಾರೆ ಅಂದುಕೊಂಡೆ. ನನ್ನ ಮನಸ್ಸೆಲ್ಲ ಮೂವತ್ತೊಂದನೇ ತಾರೀಕಿನಲ್ಲಿತ್ತು.

ಅಮ್ಮನಿಗೆ ಹೇಳಿದೆ. ಹೇಳದೆ ಏನೂ ಇರಲಿಲ್ಲ. "ಅಮ್ಮಾ, ಆಂಟಿ ಮನೇಲಿ ಇನ್ನೂ ಜ್ವರ ಅಂತೆ" ಅಂದೆ. ಏಳಕ್ಕೇ ಆಗ್ತಿಲ್ಲ ಅಂದದ್ದನ್ನು ಹೇಳಲಿಲ್ಲ. ಅದು ಹುಳುಗಳ ಮಾತು ಅಂದುಕೊಂಡಿದ್ದೆ, ಅದರಲ್ಲಿ ಹೇಳುವಂಥದ್ದೇನಿದೆ ಅಂತ ಬಿಟ್ಟೆ. "ಪಾಪ, ಚಳಿಗೆ ಒಂದು ದಿನ ಜಾಸ್ತಿ ಮಲಗಿರ್ಬೇಕು. ನೀನು ಆ ಕಡೆ ಹೋಗಿ ತೊಂದ್ರೆ ಕೊಡ್ಬೇಡ" ಅಂದಳು ಅಮ್ಮ. ಅಂದು ಸಾರಿಗೆ ಒಗ್ಗರಣೆಯನ್ನೂ ಹಾಕಲಿಲ್ಲ. ಶುಕ್ರವಾರವೂ ಹಾಕಲಿಲ್ಲ. ಅವರಿಗಾಗಿ ನಾವು ಸಪ್ಪೆ ಸಾರು ಉಂಡೆವು, ನಾಲ್ಕು ಮಾರು ದೂರದಲ್ಲಿ ಅವರು ಒಬ್ಬರೇ ಮಲಗಿದ್ದರು.

ಶನಿವಾರ ಮಧ್ಯಾಹ್ನ ಅಂಕಲ್ ಬಸ್ಸಿಳಿದು ಬಂದರು. ಐದು ನಿಮಿಷಕ್ಕೆ ಅವರ ಕೂಗು ಕೇಳಿಸಿತು. ಅಮ್ಮ ಹಿಟ್ಟಿನ ಕೈಯಲ್ಲೇ ಓಡಿದಳು, ಹಿಂದೆ ನಾನು. ಆಂಟಿ ಹುಳದ ಮನೆಯ ನೆಲದಲ್ಲಿ, ಆರಿಹೋದ ಒಲೆಯ ಪಕ್ಕ, ಗೋಣಿಚೀಲ ಹೊದ್ದು ಮಲಗಿದ್ದರು. ಹುಳುಗಳಿಗೆ ಕಾವು ಹಾಕಲು ಎದ್ದು ಬಂದವರು ಅಲ್ಲೇ ಕುಸಿದಿದ್ದರು. ಉಸಿರಾಡಿದರೆ ಎದೆ ಗೊರಗೊರ ಅನ್ನುತ್ತಿತ್ತು. ಹುಳುಗಳ ಜ್ವರ ಯಾವಾಗಲೋ ಎದ್ದಿತ್ತು. ತಟ್ಟೆ ತಟ್ಟೆಯಲ್ಲೂ ಅವು ತಲೆ ಆಡಿಸುತ್ತಾ ಸೊಪ್ಪು ಹುಡುಕುತ್ತಿದ್ದವು. ಆಟೋ ತರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಿತ್ತು. "ಜ್ವರ ಅಂದ್ರೆ ಹುಳಕ್ಕೆ ಅಂದ್ಕೊಂಡ್ವಲ್ಲೋ..." ಅಂತ ಅಮ್ಮ ಬಾಗಿಲಲ್ಲೇ ಕೂತು ಅತ್ತಳು. ನಾನು ಅಳಲಿಲ್ಲ. ನನ್ನ ಕೆನ್ನೆ ಮುಟ್ಟಿ ನೋಡಿಕೊಂಡೆ.

ಹನ್ನೆರಡು ದಿನದ ಮೇಲೆ ಅವರು ವಾಪಸು ಬಂದರು. ಅಷ್ಟರಲ್ಲಿ ಹುಳುಗಳನ್ನೆಲ್ಲ ತಿಪ್ಪೆಗೆ ಹಾಕಿ ಆಗಿತ್ತು. ಅಮ್ಮ ರಾಗಿ ಗಂಜಿ ತೆಗೆದುಕೊಂಡು ಹೋಗಿ, ಬಾಯಿಬಿಟ್ಟು ಕ್ಷಮೆ ಕೇಳಿದಳು. ನಡೆದದ್ದು ಕೇಳಿ ಆಂಟಿ ನಕ್ಕರು ನೋಡಿ... ಕೆಮ್ಮು ಬರುವವರೆಗೂ ನಕ್ಕರು. "ನನ್ನೂ ಹುಳ ಮಾಡಿಬಿಟ್ರಾ ಅಕ್ಕ! ಪುಣ್ಯ, ಸುಣ್ಣದ ಪುಡಿ ಉದುರಿಸಲಿಲ್ಲ!" ಅಮ್ಮನೂ ನಕ್ಕು ಕಣ್ಣೊರೆಸಿಕೊಂಡಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಆಂಟಿ ಕರೆದು, "ಮಗೂಗೇನ್ ಗೊತ್ತು. ಮುಂದಿನ ಬೆಳೆಗೆ ಎರಡು ಡಬ್ಬಿ ಮಾಡಣ ತಲ್ಲೀ" ಅಂತ ಕೆನ್ನೆ ಸವರಿದರು. ಈ ಸಲ ಕೈ ತಣ್ಣಗಿತ್ತು. ಏಳಕ್ಕೇ ಆಗ್ತಿಲ್ಲ ಅಂತ ಅವರು ಹೇಳಿದ್ದರು, ನಾನೇ ಹೇಳಲಿಲ್ಲ ಅನ್ನುವುದನ್ನು ಬಿಟ್ಟು, "ಗಂಜಿ ಆರುತ್ತೆ ಆಂಟಿ" ಅಂದೆ.

ಮುಂದಿನ ಬೆಳೆ ಅಂತ ಒಂದು ಬರಲಿಲ್ಲ. ಒಬ್ಬಳನ್ನೇ ಬಿಡುವುದಿಲ್ಲ ಅಂತ ಅಂಕಲ್ ಸಂಕ್ರಾಂತಿ ಕಳೆದ ವಾರವೇ ಅವರನ್ನು ಕುಡುಮಲಕುಂಟೆಗೆ ಕರೆದುಕೊಂಡು ಹೋದರು. ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಲಗೇಜ್ ಆಟೋ ಹೊರಟುಹೋಗಿತ್ತು. ಬಾಗಿಲ ಮುಂದೆ ಒಂದಿಷ್ಟು ಮರಳು ಸುರಿದಿತ್ತು, ದಬರಿಯಿಂದ ಕೊಡವಿದ್ದು, ನಡುವೆ ಕಪ್ಪಗೆ ಸುಟ್ಟಿದ್ದು. ಮೂಸಿ ನೋಡಿದೆ. ಬರೀ ಮರಳು.

ಬೆಳೆದೆ, ಓದಿದೆ, ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದೆ. ಹೋಗಿ ನೋಡಬೇಕು ಅಂದುಕೊಳ್ಳುತ್ತಲೇ ಇದ್ದೆ. ಗೌರಿಬಿದನೂರು ಏನು ಸಮುದ್ರದಾಚೆ ಇದೆಯೇ? ಹೇಳಿಕೊಳ್ಳಬೇಕಾದ ಮಾತು ಕಾಲನ್ನು ಹಿಡಿದೆಳೆಯುತ್ತಿತ್ತು. ನಾಲ್ಕು ವರ್ಷದ ಹಿಂದೆ ಗೌರಿಬಿದನೂರು ಬಸ್ ಸ್ಟ್ಯಾಂಡಿನಲ್ಲಿ ಅಂಕಲ್ ಕಾಣಿಸಿದರು. ಗುರುತು ಹೇಳಿದೆ. ಆಂಟಿ ಹೇಗಿದ್ದಾರೆ ಅಂದೆ. "ಅವಳು ಹೋಗಿ ಆರು ವರ್ಷ ಆಯ್ತಮ್ಮ" ಅಂದರು. "ಆ ಚಳಿಗಾಲದಿಂದ ಎದೆ ಸರಿಯಾಗ್ಲೇ ಇಲ್ಲ. ಪ್ರತಿ ಚಳಿಗೂ ಕೆಮ್ಮು." ನನ್ನ ಕೈಲಿದ್ದ ಬ್ಯಾಗು ನೆಲಕ್ಕಿಟ್ಟೆ. ಅವರೇ ಸಮಾಧಾನ ಮಾಡುವ ಹಾಗೆ, "ನಿನ್ನ ನೆನೆಸ್ಕೊಂಡು ನಗ್ತಿದ್ಳು. ನೂರು ಮೊಟ್ಟೆ ಕೇಕು ಅಂತ" ಅಂದರು. ಬಸ್ಸು ಬಂತು, ಹತ್ತಿಹೋದರು.

ಈಗ ನನ್ನ ಮನೆಯಲ್ಲಿ ಓವನ್ ಇದೆ. ಚಳಿಗಾಲದ ಭಾನುವಾರಗಳಲ್ಲಿ ಕೇಕ್ ಮಾಡುತ್ತೇನೆ. ಸೀಯುವುದಿಲ್ಲ, ಮರಳು ಸಿಗುವುದಿಲ್ಲ, ಮಗಳು ಚೆನ್ನಾಗಿದೆ ಅನ್ನುತ್ತಾಳೆ. ಬಾಗಿಲು ತೆಗೆದಾಗ ಬಿಸಿ ಬಂದು ಕೆನ್ನೆಗೆ ತಾಗುತ್ತದೆ. ನಾನು ಒಂದು ಗಳಿಗೆ ಹಾಗೇ ನಿಲ್ಲುತ್ತೇನೆ...

ನಮ್ಮ ಮನೆಯಲ್ಲಿ ಒಂದು ತಮಾಷೆ ಇದೆ. ಯಾರೇ ಜ್ವರ ಅಂದರೂ ನಾನು ಮೊದಲು ಯಾರಿಗೆ ಅಂತ ಕೇಳುತ್ತೇನೆ. ಮೊನ್ನೆಯೂ ಹಾಗೇ ಆಯಿತು. ಮರಳಿನ ವಾಸನೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ಹಿಂದಿನಿಂದ ಮಗಳು ಕಂಬಳಿ ಸುತ್ತಿಕೊಂಡು ಬಂದು, "ಅಮ್ಮಾ, ಜ್ವರ" ಅಂದಳು. "ಯಾರಿಗೆ?" ಅಂದೆ. "ಅಯ್ಯೋ, ಇನ್ಯಾರಿಗಮ್ಮ, ನಂಗೇ!" ಅಂತ ಅಷ್ಟು ಸುಸ್ತಿನಲ್ಲೂ ನಕ್ಕಳು. ಹಾಲಿನ ಪ್ಯಾಕೆಟ್ ಕೆಳಗಿಟ್ಟು ಅವಳ ಹಣೆಯ ಮೇಲೆ ಕೈಯಿಟ್ಟೆ, ಬಿಸಿ ಇತ್ತು. ಕೈ ತೆಗೆಯಲಿಲ್ಲ.

ಒಂದೇ ಒಂದು ಮಾತು. ಹತ್ತು ವರ್ಷದ ಹುಡುಗಿಗೂ ಕೇಳಲು ಬರುವಂಥದ್ದು. ಆ ಗುರುವಾರ ಹೊಸ್ತಿಲಾಚೆ ನಿಂತು ಅದನ್ನು ನಾನು ಕೇಳಲಿಲ್ಲ.

ಯಾರಿಗೆ, ಆಂಟಿ?