ಎಲ್.ಸಿ. ಪುಸ್ತಕದಲ್ಲಿ ಇಲ್ಲದ ಹೆಸರು

ಚಂದನಾ, ಪ್ರಜ್ವಲ್, ಪುಟ್ಟ ಭೂಮಿಕಾ,

ಹೋದ ಸಲ ರಜೆಗೆ ಬಂದಾಗ ನೀವು ಮೂವರೂ ಸೇರಿ, "ಅಜ್ಜಿ, ಕರೆಂಟ್ ಆಫೀಸಿನಲ್ಲಿ ನೀನೂ ಕಂಬ ಹತ್ತುತ್ತಿದ್ದೆಯಾ?" ಎಂದು ಕೇಳಿ ನಕ್ಕಿರಿ. ನಾನೂ ನಕ್ಕು ಸುಮ್ಮನಾದೆ. ನಾಲ್ಕು ಜನರ ಎದುರು ಮಾತಾಡಬೇಕೆಂದರೆ ನನಗೆ ಈಗಲೂ ನಾಚಿಕೆ. ಬರೆಯುವುದು ಅಷ್ಟು ಕಷ್ಟವಲ್ಲ. ಹಿರೇಗುಂಟನೂರು ಕಡೆಯ ಹಳ್ಳಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದವಳು ನಾನು, ಅಕ್ಷರ ಮಾತ್ರ ದುಂಡಗಿದೆ. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ.

ನಾನು ಕಂಬ ಹತ್ತಲಿಲ್ಲ. ಹತ್ತಿದವರು ನಿಮ್ಮ ಅಜ್ಜ. ಲೈನ್‌ಮ್ಯಾನ್ ಆಗಿದ್ದ ಅವರು ಕಾಮಾಲೆ ಬಂದು ತೀರಿಕೊಂಡಾಗ ನಿಮ್ಮ ಅಪ್ಪ ಏಳನೇ ಕ್ಲಾಸಿನಲ್ಲಿದ್ದ. ಅನುಕಂಪದ ಮೇಲೆ ನನಗೆ ಅದೇ ಇಲಾಖೆಯಲ್ಲಿ ಸಹಾಯಕಿಯ ಕೆಲಸ ಕೊಟ್ಟರು. ನಾನು ಹೇಳಹೊರಟಿರುವ ಸಂಗತಿ ನಡೆದದ್ದು ನನ್ನ ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ, ಒಂದು ಮೇ ತಿಂಗಳಿನಲ್ಲಿ. ಆಗ ಹೊಸದುರ್ಗಕ್ಕೂ ಹಿರಿಯೂರಿಗೂ ನಡುವಿನ ಒಂದು ಹೋಬಳಿ ಊರಿನ ಶಾಖಾ ಕಚೇರಿಯಲ್ಲಿದ್ದೆ. ಊರಿನ ಹೆಸರು ಬೇಡ.

ಮುಂಗಾರಿಗೆ ಮೊದಲು ನಮ್ಮಲ್ಲಿ 'ಜಂಗಲ್ ಕಟಿಂಗ್' ಎಂಬ ಕೆಲಸವಿರುತ್ತದೆ. ಹೆಸರು ಕೇಳಿ ಕಾಡು ಕಡಿಯುತ್ತಾರೆಂದು ತಿಳಿಯಬೇಡಿ. ತಂತಿಗೆ ತಾಗುವ ಕೊಂಬೆಗಳನ್ನು ಸವರುವುದು, ಒಣಗಿ ನಿಂತ ಮರವಿದ್ದರೆ ತೆಗೆಯುವುದು, ಅಷ್ಟೇ. ಸವರದೆ ಬಿಟ್ಟರೆ ಮೊದಲ ಗಾಳಿಗೇ ಕೊಂಬೆ ತಂತಿಯ ಮೇಲೆ ಬೀಳುತ್ತದೆ. ದೀಪ ಹೋಗುತ್ತದೆ, ಕುಡಿಯುವ ನೀರಿನ ಮೋಟಾರು ನಿಲ್ಲುತ್ತದೆ. ಕೆಲವು ಸಲ ತಂತಿಯೇ ಹರಿದು ಹೊಲಕ್ಕೆ ಬೀಳುತ್ತದೆ.

ನಮ್ಮ ಆಫೀಸಿನಲ್ಲಿ ಈ ಕೆಲಸಕ್ಕೆ ಎಲ್ಲರಿಗಿಂತ ಕೈ ಪಳಗಿದವರು ಹಿರಿಯ ಲೈನ್‌ಮ್ಯಾನ್ ತಿಪ್ಪೇಸ್ವಾಮಿ. ದಪ್ಪ ಕೊಂಬೆಯಾದರೆ ಮೊದಲು ಕೆಳಗಿನಿಂದ ಒಂದು ಕಚ್ಚು ಹಾಕಿ, ಆಮೇಲೆ ಮೇಲಿನಿಂದ ಕೊಯ್ಯುತ್ತಿದ್ದರು. ಇಲ್ಲದಿದ್ದರೆ ಕೊಂಬೆ ಮುರಿಯುವಾಗ ಬುಡದ ಸಿಪ್ಪೆಯನ್ನೂ ಸೀಳಿಕೊಂಡು ಹೋಗುತ್ತದಂತೆ. ಕೊಯ್ದ ಗಾಯದ ಮೇಲೆ ಮಳೆನೀರು ನಿಲ್ಲಬಾರದೆಂದು ಓರೆಯಾಗಿ ಕೊಯ್ಯುತ್ತಿದ್ದರು. ಮರ ಹತ್ತುವ ಮೊದಲು ಅದರ ಬೊಡ್ಡೆ ತಟ್ಟಿ, "ತಂತಿ ಕಡೀಗೆ ಕೈ ಚಾಚಬ್ಯಾಡ ಅಂತ ಹೋದ ವರ್ಷಾನೇ ಹೇಳಿದ್ನೋ ಇಲ್ವೋ? ಈಗ ಅನುಭವಿಸು" ಎಂದು ಬೈಯುತ್ತಿದ್ದರು. ನನ್ನನ್ನು "ತಂಗ್ಯಮ್ಮ" ಎಂದು ಕರೆಯುತ್ತಿದ್ದರು.

ನನಗೆ ಅವರನ್ನು ಕರೆಯುವುದೇ ಕಷ್ಟವಾಗಿತ್ತು. ನಿಮ್ಮ ಅಜ್ಜನ ಹೆಸರೂ ತಿಪ್ಪೇಸ್ವಾಮಿಯೇ. ನಮ್ಮ ಸೀಮೆಯಲ್ಲಿ ಬೀದಿಗೆ ಇಬ್ಬರು ತಿಪ್ಪೇಸ್ವಾಮಿಗಳಿರುತ್ತಾರೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ನಮ್ಮವ್ವ ಕಲಿಸಿದ್ದಳು. ಮದುವೆಯ ದಿನ ನಾದಿನಿ ಹೊಸಿಲಲ್ಲಿ ಅಡ್ಡ ನಿಂತು ಹೆಸರು ಹೇಳು ಎಂದು ಕಾಡಿದಾಗಲೂ ನಾನು ಹೇಳಲಿಲ್ಲ. ಕೊನೆಗೆ ಅವಳು ಬೇಸತ್ತು ತಾನೇ ಹೇಳಿ ಒಳಗೆ ಬಿಟ್ಟಳು. ಬರೆಯುವುದಕ್ಕೆ ಅಡ್ಡಿಯಿರಲಿಲ್ಲ. ಅರ್ಜಿ, ರಿಜಿಸ್ಟರ್, ಪಿಂಚಣಿ ಕಾಗದ ಎಲ್ಲದರಲ್ಲೂ ಬರೆದಿದ್ದೇನೆ. ನಾಲಿಗೆಯ ಮೇಲೆ ಮಾತ್ರ ಆ ಹೆಸರು ಬಂದದ್ದಿಲ್ಲ. ಹಾಗಾಗಿ ಈ ತಿಪ್ಪೇಸ್ವಾಮಿಯವರನ್ನು ನಾನು "ಹಿರಿಯರು" ಎನ್ನುತ್ತಿದ್ದೆ. ಆಫೀಸಿನವರು ನಕ್ಕರೂ ಅಭ್ಯಾಸ ಮಾಡಿಕೊಂಡರು.

ಈಗ ಎಲ್.ಸಿ. ಎಂದರೇನು ಎಂದು ಹೇಳುತ್ತೇನೆ. ಲೈನ್ ಕ್ಲಿಯರ್. ತಂತಿಯ ಹತ್ತಿರ ಕೆಲಸ ಮಾಡುವವರು ಮೊದಲು ಸಬ್‌ಸ್ಟೇಷನ್‌ಗೆ ತಿಳಿಸಬೇಕು. ಅಲ್ಲಿನ ಆಪರೇಟರ್ ಆ ಲೈನಿನ ವಿದ್ಯುತ್ ನಿಲ್ಲಿಸಿ, ಕೆಲಸದವರ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡು ಒಪ್ಪಿಗೆ ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಅದೇ ಹೆಸರಿನಲ್ಲಿ ಎಲ್.ಸಿ. ವಾಪಸ್ ಆಗಬೇಕು. ಒಂದೇ ಲೈನಿನಲ್ಲಿ ಇಬ್ಬರು ಕೆಲಸ ಮಾಡುತ್ತಿದ್ದರೆ ಇಬ್ಬರದೂ ವಾಪಸ್ ಆಗುವವರೆಗೆ ವಿದ್ಯುತ್ ಕೊಡುವಂತಿಲ್ಲ. ಆ ತಂತಿಯಲ್ಲಿ ಹರಿಯುವುದು ಹನ್ನೊಂದು ಸಾವಿರ ವೋಲ್ಟ್. ಹಳ್ಳಿಗಳ ಕಡೆ ಮೊಬೈಲ್ ಸಿಗ್ನಲ್ ಸರಿಯಿಲ್ಲದ್ದರಿಂದ ಈ ಮಾತನ್ನು ಆಫೀಸಿನ ಫೋನಿನಲ್ಲಿ ಆಚೆಯಿಂದ ಈಚೆಗೆ ಮುಟ್ಟಿಸುವುದು ನನ್ನ ಕೆಲಸವಾಗಿತ್ತು.

ಆ ದಿನ ಬೆಳಗ್ಗೆ ಒಂದೇ ಲೈನಿಗೆ ಎರಡು ಎಲ್.ಸಿ. ಬೇಕಾಗಿತ್ತು. ಲೈನ್‌ಮ್ಯಾನ್ ರಂಗಪ್ಪನದು ಶಾಲೆಯ ಹಿಂದಿನ ಹೊಂಗೆ ಮರಗಳ ಕೆಲಸ. ತಿಪ್ಪೇಸ್ವಾಮಿಯವರದು ಕೆರೆ ಏರಿಯ ಆಚೆಗಿನ ದೊಡ್ಡ ಹುಣಸೆಮರ. ಸಬ್‌ಸ್ಟೇಷನ್ನಿನಲ್ಲಿದ್ದವರು ಹಳಬರಾದ ಚಂದ್ರಣ್ಣ.

"ಸಾರ್, ಎರಡು ಎಲ್.ಸಿ. ಬರ್ಕಳ್ರಿ. ಒಂದು ರಂಗಪ್ಪಂದು, ಇನ್ನೊಂದು ಹಿರಿಯರ್ದು" ಎಂದೆ.

"ಬರ್ಕಂಡೆ ಕಣಮ್ಮ. ನಿಮ್ ಹಿರಿಯರು ಮಂಗನಂಗೆ ಮರದ ತುದೀಗೆ ಹೋಗಬ್ಯಾಡ್ರಿ ಅಂತ ಹೇಳು" ಎಂದು ಚಂದ್ರಣ್ಣ ನಕ್ಕರು.

ಅವರು ನಿಜವಾಗಿಯೂ ನಾನು ಹೇಳಿದ್ದನ್ನೇ ಬರೆದುಕೊಂಡಿದ್ದರು: 'ಹಿರಿಯರು'. ಅದು ನನಗೆ ಗೊತ್ತಾದದ್ದು ಆಮೇಲೆ.

ಮಧ್ಯಾಹ್ನ ಎರಡಕ್ಕೆ ಚಂದ್ರಣ್ಣನ ಪಾಳಿ ಮುಗಿದು ಮಂಜುನಾಥ ಎಂಬ ಆಪರೇಟರ್ ಬಂದರು. ಹೊಳಲ್ಕೆರೆ ಕಡೆಯವರು, ವರ್ಗವಾಗಿ ಬಂದು ವಾರವಷ್ಟೇ ಆಗಿತ್ತು. ಎರಡೂವರೆಗೆ ರಂಗಪ್ಪ ಕೆಲಸ ಮುಗಿಸಿ ಆಫೀಸಿಗೆ ಬಂದು, ನಮ್ಮ ಆಫೀಸಿನ ಎಲ್.ಸಿ. ಪುಸ್ತಕಕ್ಕೆ ಸಹಿ ಹಾಕಿ, ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ನಾನು ಫೋನ್ ಮಾಡಿದೆ.

"ಸಾರ್, ರಂಗಪ್ಪಂದು ಎಲ್.ಸಿ. ವಾಪಸ್. ಹಿರಿಯರ್ದು ಇನ್ನೂ ಬಂದಿಲ್ಲ."

"ಹಿರಿಯೂರ್ದಾ? ಹೌದು, ಇಲ್ಲೂ ಬರ್ದೈತೆ. ಅದು ಬ್ಯಾರೆ ಲೈನ್ ಅಲ್ವೇನಮ್ಮ? ಅದನ್ನ ನಾನು ವಿಚಾರಿಸ್ಕಳ್ತೀನಿ ಬಿಡ್ರಿ."

ಅದೇ ಸಬ್‌ಸ್ಟೇಷನ್ನಿನಿಂದ ಹಿರಿಯೂರು ದಿಕ್ಕಿಗೂ ಒಂದು ಲೈನ್ ಹೋಗುತ್ತದೆ. ಅವಸರದ ಅಕ್ಷರದಲ್ಲಿ ಬರೆದ 'ಹಿರಿಯರು' ಅವರ ಕಣ್ಣಿಗೆ 'ಹಿರಿಯೂರು' ಆಗಿತ್ತು. ಚಂದ್ರಣ್ಣ ತಪ್ಪು ಸಾಲಿನಲ್ಲಿ ಬರೆದಿದ್ದಾರೆಂದು ಅವರು ತಿಳಿದರು.

"ಹಂಗಾರೆ ಈ ಲೈನ್ ಚಾರ್ಜ್ ಮಾಡಿ ಕರೆಂಟ್ ಕೊಡ್ತೀನಿ. ನೀರಿಲ್ಲ ಅಂತ ಊರೋರು ಆಗ್ಲೇ ನಾಕು ಸಲ ಫೋನ್ ಮಾಡ್ಯಾರೆ."

"ಬ್ಯಾಡ ಸಾರ್, ಹಿರಿಯರು ಮರದ ಮೇಲವ್ರೆ" ಎಂದೆ. ನನ್ನ ದನಿ ಯಾವಾಗಲೂ ಸಣ್ಣದು. ಆಗಂತೂ ಇನ್ನೂ ಸಣ್ಣಗಾಗಿತ್ತು.

"ಹಿರಿಯೂರು ಮರದ ಮೇಲೈತಾ? ಏನಮ್ಮ, ಬಿಸಿಲು ಜಾಸ್ತಿ ಆತಾ?" ಎಂದು ನಕ್ಕರು. ಮತ್ತೆ, "ಯಾರವ್ರೆ? ಹೆಸರು ಹೇಳ್ರಿ. ಪುಸ್ತಕದಾಗೆ ರಂಗಪ್ಪನ್ನ ಬಿಟ್ರೆ ಯಾರ ಹೆಸರೂ ಇಲ್ಲ" ಎಂದರು.

ಮಕ್ಕಳೇ, ಇಲ್ಲಿ ನಾನು ಸುಳ್ಳು ಬರೆಯಲಾರೆ. ಹೆಸರು ನನ್ನ ಮುಂದಿನ ಪುಸ್ತಕದಲ್ಲೇ ನನ್ನದೇ ದುಂಡಗಿನ ಅಕ್ಷರದಲ್ಲಿತ್ತು. ಅದನ್ನು ಓದಿದ್ದರೆ ಸಾಕಿತ್ತು. ನನ್ನ ಬಾಯಿ ತೆರೆಯಲಿಲ್ಲ. ಐದಾರು ಕ್ಷಣ ಹಾಗೇ ನಿಂತೆ. ಉತ್ತರ ಬರದಿದ್ದಾಗ ಅವರು ಯಾರೂ ಇಲ್ಲವೆಂದುಕೊಂಡರು. ಫೋನನ್ನು ಕಟ್ ಮಾಡದೆ ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು. ಆಮೇಲೆ ಚಪ್ಪಲಿ ಸರಪರ ಎಳೆದುಕೊಂಡು ಸ್ವಿಚ್ಚುಗಳಿರುವ ಕಡೆ ಹೋಗುತ್ತಿದ್ದುದು ಕೇಳಿಸಿತು. ತಿಪ್ಪೇಸ್ವಾಮಿಯವರು ಮರ ಹತ್ತುವಾಗ ಮೊಬೈಲನ್ನು ಕೆಳಗಿನ ಚೀಲದಲ್ಲಿಟ್ಟು ಹತ್ತುತ್ತಾರೆ. ಅವರಿಗೆ ಹೇಳುವ ದಾರಿಯೇ ಇರಲಿಲ್ಲ.

"ತಿಪ್ಪೇಸ್ವಾಮಿ!"

ನನ್ನದೇ ದನಿಯೆಂದು ನನಗೆ ಗೊತ್ತಾಗಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮತ್ತೆ ಮತ್ತೆ ಕೂಗಿದೆ. "ತಿಪ್ಪೇಸ್ವಾಮಿ! ತಿಪ್ಪೇಸ್ವಾಮಿ ತಂತಿ ಹತ್ರ ಅವ್ರೆ! ಲೈನ್ ಕೊಡಬ್ಯಾಡ್ರಿ! ತಿಪ್ಪೇಸ್ವಾಮಿ!"

ಚಪ್ಪಲಿಯ ಸದ್ದು ನಿಂತಿತು. ಮರುಗಳಿಗೆ ಓಡಿ ಬಂದ ಸದ್ದು. "ಏನಂದ್ರಿ? ಯಾರು?"

"ಲೈನ್‌ಮ್ಯಾನ್ ತಿಪ್ಪೇಸ್ವಾಮಿ. ಕೆರೆ ಏರಿ ಹುಣಸೆಮರ. ಅವರ ಎಲ್.ಸಿ. ವಾಪಸ್ ಆಗಿಲ್ಲ."

"ಸ್ವಿಚ್ ಮ್ಯಾಲೆ ಕೈ ಇಟ್ಟಿದ್ದೆ ಕಣಮ್ಮ" ಎಂದರು ಅವರು.

ತಿರುಗಿ ನೋಡಿದರೆ ರಂಗಪ್ಪ ಒದ್ದೆ ಕಾಲಿನಲ್ಲಿ ಬಾಗಿಲಲ್ಲಿ ನಿಂತಿದ್ದ. "ಅಕ್ಕಾ, ಹೆಸರು ಹೇಳಿಬಿಟ್ಯಲ್ಲ!" ಎಂದ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅಳು ಬಂತು. ಹೆಸರು ಹೇಳಿದ್ದಕ್ಕೋ ಹೇಳಲು ತಡಮಾಡಿದ್ದಕ್ಕೋ ನನಗೆ ತಿಳಿಯಲಿಲ್ಲ. ವಿಷಯ ಗೊತ್ತಾದ ಕೂಡಲೇ ಅವನು ಬೈಕ್ ತೆಗೆದುಕೊಂಡು ಏರಿಯ ಕಡೆ ಓಡಿದ.

ಸಂಜೆ ನಾಲ್ಕೂವರೆಗೆ ತಿಪ್ಪೇಸ್ವಾಮಿಯವರು ಮೈತುಂಬ ಹುಣಸೆ ಎಲೆ ಅಂಟಿಸಿಕೊಂಡು ಬಂದರು. ಉಳಿದ ಸಂಗತಿ ಅವರಿಂದಲೇ ತಿಳಿಯಿತು. ತಪ್ಪಿ ವಿದ್ಯುತ್ ಬಂದರೂ ಭೂಮಿಗೆ ಹರಿದುಹೋಗಲೆಂದು ತಂತಿಗೆ ಅರ್ಥ್ ರಾಡ್ ಸಿಕ್ಕಿಸುತ್ತಾರೆ. ದೊಡ್ಡ ಕೊಂಬೆ ಬೀಳುವಾಗ ಅದಕ್ಕೆ ಬಡಿಯುತ್ತದೆಂದು ಅವರು ಅದನ್ನು ತೆಗೆದಿದ್ದರು. ಅದನ್ನು ಮತ್ತೆ ಪಕ್ಕದ ಕಂಬದ ಹತ್ತಿರ ಹಾಕುವ ಮೊದಲು, ಕೊಂಬೆಗೆ ಕಟ್ಟಿದ್ದ ಹಗ್ಗವನ್ನೊಮ್ಮೆ ಬಿಗಿ ಮಾಡಿ ಬರೋಣವೆಂದು ಮೇಲೆ ಹತ್ತಿದ್ದರು. ನಾನು ಕೂಗಿದ ಹೊತ್ತಿನಲ್ಲಿ ತಂತಿಗೆ ಒರಗಿದ್ದ ಹಸಿಕೊಂಬೆಯ ಮೇಲೆ ಅವರ ಕಾಲಿತ್ತು.

"ನಂದೂ ತಪ್ಪೇ ತಂಗ್ಯಮ್ಮ, ನಿನ್ನೊಬ್ಬಳ್ದೇ ಅಲ್ಲ" ಎಂದು ಬೆಂಚಿನ ಮೇಲೆ ಕುಳಿತರು. ಆಮೇಲೆ ನಗುತ್ತಾ, "ಅದಿರ್ಲಿ, ಅಷ್ಟು ಜೋರಾಗಿ ಕೂಗಿದ್ಯಂತಲ್ಲ, ನನ್ನ ಕರದ್ಯೋ, ನಮ್ಮ ಭಾವನ್ನ ಕರದ್ಯೋ?" ಎಂದರು.

"ಮೊದ್ಲು ನೀರು ಕುಡೀರಿ" ಎಂದು ಚೊಂಬು ಕೈಗೆ ಕೊಟ್ಟೆ. ಅರ್ಧ ನೀರು ನೆಲಕ್ಕೆ ಚೆಲ್ಲಿತು.

ಮಾರನೆಯ ದಿನ ಚಂದ್ರಣ್ಣ, ಮಂಜುನಾಥ ಇಬ್ಬರೂ ಬಂದರು. ಒಬ್ಬರನ್ನೊಬ್ಬರು ದೂರಲಿಲ್ಲ. ಅಂದಿನಿಂದ ನಾನು ಎಲ್.ಸಿ. ಹೇಳುವಾಗ ಪೂರ್ತಿ ಹೆಸರು, ಲೈನಿನ ಹೆಸರು, ಜಾಗ ಮೂರನ್ನೂ ಹೇಳುತ್ತಿದ್ದೆ. ಆ ಕಡೆಯವರು ಅಷ್ಟನ್ನೂ ತಿರುಗಿ ನನಗೆ ಹೇಳುವವರೆಗೆ ಫೋನ್ ಇಡುತ್ತಿರಲಿಲ್ಲ. ನಿವೃತ್ತಿಯ ಮೊದಲು ಎರಡು ಬೇಸಿಗೆಯಲ್ಲಿ ಆ ಹೆಸರನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮೊದಮೊದಲು ಪ್ರತಿ ಸಲವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಆಮೇಲೆ ಅದೂ ಬಿಟ್ಟುಹೋಯಿತು. ನಿಮ್ಮ ಅಜ್ಜನಿಗೆ ಇದರಿಂದ ಬೇಸರವಾಗಿರಲಿಕ್ಕಿಲ್ಲ. ಅವರೂ ಇದೇ ತಂತಿಗಳ ಮೇಲೆ ದುಡಿದವರು. ಅವರ ಕಾಲದಲ್ಲಿ ಯಾರೋ ಅವರ ಹೆಸರನ್ನು ಸರಿಯಾಗಿ ಹೇಳಿದ್ದರಿಂದಲೇ ಅವರು ದಿನಾ ಸಂಜೆ ಮನೆಗೆ ಬರುತ್ತಿದ್ದರು.

ನನ್ನ ನೌಕರಿ ಕಲಿಸಿದ್ದು ಇಷ್ಟು: ನಮ್ಮ ಮಾತನ್ನು ನಂಬಿ ಒಬ್ಬರು ಅಪಾಯದ ಜಾಗದಲ್ಲಿದ್ದರೆ, ನಾಚಿಕೆಯನ್ನು ಪಕ್ಕಕ್ಕಿಟ್ಟು ಎದುರಿನವರಿಗೆ ಅರ್ಥವಾಗುವ ಹಾಗೆ ಹೇಳಬೇಕು. ಹೇಳಿದ್ದು ಮುಟ್ಟಿತೇ ಎಂದು ಕೇಳಿಯೂ ತಿಳಿದುಕೊಳ್ಳಬೇಕು. ಚಂದನಾ, ನೀನು ನನ್ನ ಹಾಗೆಯೇ ಮೆತ್ತಗೆ ಮಾತಾಡುವವಳು, ನಿನಗೆ ಇದನ್ನು ಎರಡು ಸಲ ಹೇಳುತ್ತೇನೆ.

ಈ ಹಾಳೆಗಳನ್ನು ಮಡಚಿ ಎಲ್ಲೋ ಎಸೆಯಬೇಡಿ. ನಿಮ್ಮ ಮಾರ್ಕ್ಸ್ ಕಾರ್ಡ್ ಇಡುವ ಫೈಲಿನಲ್ಲಿ ಇಡಿ. ಭೂಮಿಕಾ ಈಗಿನ್ನೂ ಅಕ್ಷರ ಕೂಡಿಸಿ ಓದುತ್ತಾಳೆ. ಅವಳಿಗೆ ಸರಾಗವಾಗಿ ಓದಲು ಬಂದ ದಿನ ಕೊಡಿ, ಅಲ್ಲಿಯವರೆಗೆ ಜೋಪಾನ.