ಗೇಮ್ ಅಂಗಡಿಯ ಅಜ್ಜಿಯಂದಿರು

ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಇಂಗ್ಲಿಷ್ ಬಹಳ ವರ್ಷ ನನ್ನ ಯಾವ ಉಪಯೋಗಕ್ಕೂ ಬರಲಿಲ್ಲ. ಔಷಧಿಯ ಚೀಟಿ, ಕುಕ್ಕರಿನ ಜೊತೆ ಬರುವ ಪುಸ್ತಕ, ಇಷ್ಟನ್ನು ಓದಿ ಅತ್ತೆಗೆ ತುಳುವಿನಲ್ಲಿ ಹೇಳುತ್ತಿದ್ದೆ, ಅಷ್ಟೇ. ಗಂಡ ಗಲ್ಫಿನಿಂದ ಬಂದು ಪುಂಜಾಲಕಟ್ಟೆಯಲ್ಲಿ ವಿಡಿಯೊ ಗೇಮ್ ಆಡುವ ಅಂಗಡಿ ತೆರೆದ ಮೇಲೆ ಆ ಇಂಗ್ಲಿಷಿಗೆ ಒಮ್ಮೆಲೇ ಕೆಲಸ ಬಂತು. ಬೆಳಗ್ಗೆ ಕಾಫಿ ಕುಡಿಯುತ್ತ ಅವರು ಮೊಬೈಲನ್ನು ನನ್ನ ಕೈಗೆ ಕೊಡುವರು. ಆಟದ ಯಂತ್ರ ತಯಾರಿಸುವ ವಿದೇಶದ ಕಂಪೆನಿಯೊಂದರ ಲಾಭನಷ್ಟದ ಸುದ್ದಿಯನ್ನು ನಾನು ಓದಿ, ಕಷ್ಟದ ಮಾತುಗಳನ್ನು ಬಿಡಿಸಿ ಹೇಳಬೇಕು.

"ಎದುರುಗಾಳಿ ಜೋರಾಗಿದೆ ಅಂತ ಬರೆದಿದ್ದಾರೆ" ಎಂದರೆ, "ಅಂದ್ರೆ ವ್ಯಾಪಾರ ಇಲ್ಲ" ಎನ್ನುವರು.

"ನಷ್ಟ ಮೊದಲಿನಷ್ಟು ಇಲ್ಲವಂತೆ" ಎಂದರೆ ಅವರ ಮುಖ ಅರಳುವುದು. ಇನ್ನೊಂದು ಇಡ್ಲಿ ಹಾಕಿಸಿಕೊಳ್ಳುವರು.

ನಮ್ಮ ಅಂಗಡಿಯಲ್ಲಿದ್ದ ಎರಡೂ ಯಂತ್ರಗಳು ಆ ಕಂಪೆನಿಯವು. ಆ ಕಂಪೆನಿಗೆ ಪುಂಜಾಲಕಟ್ಟೆ ಎಂಬ ಊರು ಇದೆಯೆಂದು ಗೊತ್ತಿರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಅದರ ಆರೋಗ್ಯವನ್ನು ಹತ್ತಿರದ ನೆಂಟರ ಆರೋಗ್ಯದಂತೆ ವಿಚಾರಿಸಿಕೊಳ್ಳುತ್ತಿದ್ದೆವು.

ಗಂಡ ಗಲ್ಫಿನಲ್ಲಿ ಒಂದು ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಯ ಗೇಮ್ ವಿಭಾಗದಲ್ಲಿದ್ದವರು. ನಮ್ಮ ದಾಂಪತ್ಯ ಅವರ ರಜೆಗಳಲ್ಲಿ ನಡೆದದ್ದು. ಆ ವರ್ಷ ದೀಪಾವಳಿಗೆ ಬಂದವರು ಊಟಕ್ಕೆ ಕೂತಾಗ, "ಇನ್ನು ಊರಿನಲ್ಲೇ ನಿಂತು ನೋಡುವ ಅಂತ" ಎಂದರು. ನಾನು ಒಲೆಯ ಕಡೆ ತಿರುಗಿ ಸಾರಿಗೆ ಉಪ್ಪು ಹಾಕಿದೆ. ಮೊದಲೇ ಹಾಕಿದ್ದೆನೆಂದು ಅತ್ತೆ ಬಾಯಿಗಿಟ್ಟ ಮೇಲೆ ಗೊತ್ತಾಯಿತು.

ಆದರೆ ಅದು ಪೂರ್ತಿ ನಿಲ್ಲುವ ಮಾತಲ್ಲ. ಅಲ್ಲಿಯ ಮ್ಯಾನೇಜರು ಏಪ್ರಿಲಿನ ಬಿಸು ಹಬ್ಬದವರೆಗೆ ಅವರ ಜಾಗವನ್ನು ಹಿಡಿದಿಟ್ಟಿರಲು ಒಪ್ಪಿದ್ದರು. ಅದರ ನಂತರ ವೀಸಾವೂ ಇಲ್ಲ, ಕೆಲಸವೂ ಇಲ್ಲ. ಬಿಸುವಿನೊಳಗೆ ಅಂಗಡಿ ತನ್ನ ಕಾಲ ಮೇಲೆ ನಿಂತರೆ ಇವರು ಇಲ್ಲಿ, ಇಲ್ಲದಿದ್ದರೆ ಮತ್ತೆ ವಿಮಾನ. ಬಚ್ಚಲಿನ ಕಪಾಟಿನಲ್ಲಿ ಅವರಿಗೆಂದು ಒಂದು ಸಾಲು ಖಾಲಿ ಮಾಡಿಕೊಟ್ಟೆ. ಅವರ ಶೇವಿಂಗ್ ಸಾಮಾನು ಮಾತ್ರ ಪ್ರಯಾಣದ ಚೀಲದಲ್ಲೇ ಮೊಳೆಗೆ ನೇತಾಡುತ್ತಿತ್ತು. ಅವರು ಅದನ್ನು ಬೇಕೆಂದು ಮಾಡಿದ್ದಲ್ಲ, ಅಭ್ಯಾಸ. ನಾನೂ ತೆಗೆದಿಡಲು ಹೋಗಲಿಲ್ಲ.

ಅಂಗಡಿಗೆ ಮೊದಲು ಮೂಡಬಿದ್ರೆಯಲ್ಲಿ ಜಾಗ ನೋಡಿದ್ದರು. ಕಾಲೇಜು, ಹಾಸ್ಟೆಲು ಎಲ್ಲ ಇರುವ ಊರು, ಆದರೆ ಬಾಡಿಗೆ ಕೇಳಿಯೇ ವಾಪಸು ಬಂದರು. ಕೊನೆಗೆ ಸಿಕ್ಕಿದ್ದು ಪುಂಜಾಲಕಟ್ಟೆಯ ಬಸ್ ನಿಲ್ಲುವಲ್ಲಿ, ಗೊಬ್ಬರದ ಅಂಗಡಿಯ ಪಕ್ಕದ ಕೋಣೆ. ಎ.ಸಿ. ಹಾಕಿಸಿದರು, ಎರಡು ದೊಡ್ಡ ಟಿ.ವಿ., ಸೋಫಾದಂಥ ಕುರ್ಚಿಗಳು. ಒಂದು ಗೋಡೆಯುದ್ದಕ್ಕೂ ಗಲ್ಫಿನಿಂದ ತಂದ ಆಟದ ಡಿಸ್ಕುಗಳು. ಎಷ್ಟು ಒರೆಸಿದರೂ ಕೋಣೆಯಲ್ಲಿ ತೆಳುವಾಗಿ ಯೂರಿಯಾ ವಾಸನೆ ಇರುತ್ತಿತ್ತು.

ವ್ಯಾಪಾರದ ಗುಟ್ಟನ್ನು ಅವರು ನಮಗೆ ಮನೆಯ ಚಾವಡಿಯಲ್ಲಿ ವಿವರಿಸಿದ್ದರು. "ಕಂಪೆನಿಯವರು ಯಂತ್ರವನ್ನು ನಷ್ಟದಲ್ಲೇ ಮಾರುವುದು. ಜನ ತಗೊಳ್ತಾರೆ. ಮತ್ತೆ ಅದಕ್ಕೆ ಬೇಕಾದ ಗೇಮ್ ಮಾರಿ ಲಾಭ ಮಾಡುವುದು. ಮೊದಲು ನಷ್ಟ, ಆಮೇಲೆ ಲಾಭ. ಇದಕ್ಕೆ ಸ್ಟ್ರಾಟೆಜಿ ಅಂತ ಹೇಳ್ತಾರೆ."

ಅತ್ತೆ ಹೂ ಕಟ್ಟುತ್ತಿದ್ದರು. ತಲೆ ಎತ್ತದೆ ಕೇಳಿದರು, "ನಷ್ಟ ಮಾಡ್ಲಿಕ್ಕೆ ಗಲ್ಫಿಗೆ ಹೋಗಿ ಕಲಿಯಬೇಕಿತ್ತಾ ಮಗಾ?"

ಸ್ಟ್ರಾಟೆಜಿಯ ಪ್ರಕಾರ ಮೊದಲ ವಾರ ಆಟ ಪುಕ್ಕಟೆ. ಜನ ಬಂದರೋ ಬಂದರು. ಮಕ್ಕಳು, ಮಕ್ಕಳನ್ನು ಕರೆದುಕೊಂಡು ಬಂದ ಮಾವಂದಿರು, ಬಸ್ಸಿಗೆ ಕಾಯುವವರು, ಎ.ಸಿ.ಗೆ ಬಂದವರು. ನಮ್ಮಲ್ಲಿ ಹರಕೆಯ ಬಯಲಾಟ ಆಡಿಸುವವರ ಮನೆಯಲ್ಲಿ ಊರಿಗೆ ಊರೇ ಕೂತು ನೋಡುತ್ತದೆ, ಖರ್ಚೆಲ್ಲ ಹರಕೆ ಹೊತ್ತವರದ್ದು. ಇದೂ ಅದೇ ಬಗೆ ಎಂದು ಹೆಚ್ಚಿನವರು ತಿಳಿದರು. ಗೊಬ್ಬರದ ಅಂಗಡಿಯವರು ಇವರನ್ನು ಪಕ್ಕಕ್ಕೆ ಕರೆದು, "ಯಾವ ದೇವರಿಗೆ ಹೇಳಿಕೊಂಡದ್ದು ಮಾರಾಯ್ರೆ?" ಎಂದು ಮೆಲ್ಲಗೆ ವಿಚಾರಿಸಿದ್ದರಂತೆ.

ಎರಡನೇ ವಾರದಿಂದ ಗಂಟೆಗಿಷ್ಟು ಎಂದು ಬೋರ್ಡು ಹಾಕಿದರು. ಯಾರೂ ಜಗಳ ಮಾಡಲಿಲ್ಲ. ನಮ್ಮ ಕಡೆ ಹಾಗೆಲ್ಲ ಮಾಡುವುದಿಲ್ಲ. ದಾರಿಯಲ್ಲಿ ಸಿಕ್ಕವರು ಬಹಳ ಮರ್ಯಾದೆಯಿಂದ, "ಮಕ್ಕಳಿಗೆ ಪರೀಕ್ಷೆ ಉಂಟಲ್ಲ, ಹಾಗೆ ಬರ್ಲಿಕ್ಕಾಗುವುದಿಲ್ಲ" ಎಂದರು. ಯಾವ ಶಾಲೆಯಲ್ಲೂ ಪರೀಕ್ಷೆ ಇರಲಿಲ್ಲ.

ಆಮೇಲೆ ಡಿಸ್ಕುಗಳನ್ನು ಬಾಡಿಗೆಗೆ ಕೊಡುವ ಯೋಚನೆ ಬಂತು. ಅದೇ ದಿನಗಳಲ್ಲಿ ನಾನು ಓದಿದ ಸುದ್ದಿ, ಕಂಪೆನಿ ಇನ್ನು ಮುಂದೆ ಡಿಸ್ಕ್ ಹಾಕುವ ಬಾಯಿಯೇ ಇಲ್ಲದ ಯಂತ್ರವನ್ನು ಹೆಚ್ಚು ಮಾರಲಿದೆ, ಆಟಗಳೆಲ್ಲ ಇಂಟರ್‌ನೆಟ್ಟಿನಲ್ಲೇ ಬರಲಿವೆ ಎಂದು. ನಮ್ಮಲ್ಲಿ ಹಲಸಿನ ಗೆಲ್ಲೊಂದು ತಂತಿಗೆ ತಾಗಿದರೆ ಇಂಟರ್‌ನೆಟ್ ಹೋಗುತ್ತದೆ. ಇವರು ಗೋಡೆಯ ಡಿಸ್ಕುಗಳನ್ನು ನೋಡುತ್ತ ಕೂತರು. "ಇನ್ನೆಂತ ಬರೆದಿದ್ದಾರೆ?" ಎಂದರು. ತಿಂಗಳಿಗಿಷ್ಟು ಕಟ್ಟಿದರೆ ಬೇಕಾದ ಆಟ ಬೇಕಾದಷ್ಟು ಹೊತ್ತು ಆಡಬಹುದು, ಕಂಪೆನಿಯ ಭವಿಷ್ಯ ಇರುವುದು ಅದರಲ್ಲೇ ಎಂದು ಬರೆದಿತ್ತು. ನಾನು ಓದಿ ಮುಗಿಸುವುದರೊಳಗೆ ಇವರು ಎದ್ದು ಅಂಗಿ ಹಾಕಿಕೊಳ್ಳುತ್ತಿದ್ದರು.

ಹೀಗೆ ತಿಂಗಳ ಪಾಸ್ ಶುರುವಾಯಿತು. ಒಂದು ಪಾಸನ್ನು ಹತ್ತು ಮಂದಿ ಹಂಚಿಕೊಳ್ಳಬಾರದೆಂದು ಇವರು ಒಂದು ನಿಯಮ ಮಾಡಿದರು. ಪಾಸಿನಲ್ಲಿ ಒಂದೇ ಹೆಸರು, ಆ ಹೆಸರಿನವರು ಅಂಗಡಿಯಲ್ಲಿ ಇರಲೇಬೇಕು. ಇದು ಕಂಪೆನಿಯಲ್ಲೂ ಇಲ್ಲದ ಬಿಗಿ ಎಂದು ಅವರಿಗೆ ಹೆಮ್ಮೆ. ಪಾಸುಗಳನ್ನು ನಾನೇ ಕಾನ್ವೆಂಟಿನ ದುಂಡು ಅಕ್ಷರದಲ್ಲಿ ಬರೆದೆ. ಜನ ಬಂದು ಹೆಸರು ಹೇಳಿದರು, ನಾನು ಬರೆದುಕೊಟ್ಟೆ. ನಮ್ಮಲ್ಲಿ ಮನೆಗೆಂದು ಏನು ತೆಗೆದುಕೊಂಡರೂ ಅದು ಮನೆಯ ಹಿರಿಯ ಹೆಂಗಸಿನ ಹೆಸರಿನಲ್ಲಿ. ರೇಷನ್ ಕಾರ್ಡು, ಗ್ಯಾಸು, ಹಾಲಿನ ಸೊಸೈಟಿ, ಜಾಗ, ಎಲ್ಲವೂ. ಹಾಗಾಗಿ ಒಂದರ ಹಿಂದೆ ಒಂದು ಅಜ್ಜಿಯಂದಿರ ಹೆಸರು ಬರೆಯುವಾಗ ನನಗಾಗಲಿ ಪಕ್ಕದಲ್ಲಿ ನಿಂತಿದ್ದ ಇವರಿಗಾಗಲಿ ಏನೂ ವಿಚಿತ್ರ ಅನಿಸಲಿಲ್ಲ.

ಮರುದಿನ ಬೆಳಗ್ಗೆ ವೇಣೂರು ಕಡೆಯ ಬಸ್ಸಿನಿಂದ ಒಬ್ಬರು ಅಜ್ಜಿ ಕೊಡೆ ಊರಿಕೊಂಡು ಇಳಿದರು. ಹಿಂದೆ ಮೊಮ್ಮಕ್ಕಳ ಸಾಲು. ಅಜ್ಜಿ ನೇರ ಒಳಗೆ ಬಂದು, ಚಪ್ಪಲಿ ಬಿಟ್ಟು, ಟಿ.ವಿ.ಯ ಎದುರಿನ ಕುರ್ಚಿಯಲ್ಲಿ ಕೂತರು. ಕುರ್ಚಿ ಹಿಂದಕ್ಕೆ ವಾಲಿತು. "ಅಯ್ಯೋ ದೇವರೇ, ಇದೆಂತ ಹಲ್ಲಿನ ಡಾಕ್ಟ್ರದ್ದಾ?" ಎಂದರು.

ಇವರು ಗಾಬರಿಯಾಗಿ, "ಅಜ್ಜಿ, ನೀವು ಯಾಕೆ ಬರ್ಲಿಕ್ಕೆ ಹೋದದ್ದು?"

"ನೀನೇ ಅಲ್ವಾ ಹೆಸರಿನವರು ಬರ್ಬೇಕು ಅಂತ ಹೇಳಿದ್ದು? ಬಂದೆ. ಇವರು ಆಡ್ತಾರೆ, ನಾನು ಕೂತಿರ್ತೇನೆ."

"ಹಾಗಲ್ಲ ಅಜ್ಜಿ. ಹೆಸರಿನವರೇ ಆಡ್ಬೇಕು."

"ನನ್ನ ಕೈ ನಡುಗ್ತದೆ ಮಗಾ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವಾಗ್ಲೂ ಮೊಮ್ಮಗಳೇ ಕೈ ಹಿಡಿಯುವುದು. ಬ್ಯಾಂಕಿನವರು ಎಂತದೂ ಹೇಳುವುದಿಲ್ಲ. ನಿನ್ನದು ಬ್ಯಾಂಕಿಗಿಂತ ದೊಡ್ಡದಾ?"

ಇವರು ಕಂಟ್ರೋಲರನ್ನು ಮೊಮ್ಮಕ್ಕಳ ಕೈಗೆ ಕೊಟ್ಟರು. ಆ ವಾರ ಅಂಗಡಿ ಅಜ್ಜಿಯಂದಿರಿಂದ ತುಂಬಿತು. ಬ್ಯಾರಿಗಳ ಮನೆಯ ಒಬ್ಬರು ಉಮ್ಮ ತಲೆಗೆ ಬಿಳಿ ತಟ್ಟ ಹೊದ್ದು ಬಂದು, ವೇಣೂರಿನ ಅಜ್ಜಿಯ ಪಕ್ಕ ಕೂತು, ತಮ್ಮ ಪಾಸಿನಲ್ಲಿ ಮಗಳ ಮಕ್ಕಳನ್ನೂ ತಂಗಿಯ ಮಗಳ ಮಕ್ಕಳನ್ನೂ ಆಡಿಸಿದರು. ಇಬ್ಬರೂ ಮಂಡಿನೋವಿನ ಎಣ್ಣೆಯ ಬಗ್ಗೆ ಮಾತಾಡುತ್ತ ಎದುರಿನ ಫುಟ್ಬಾಲ್ ನೋಡುತ್ತಿದ್ದರು.

"ಆ ಕೆಂಪು ಅಂಗಿಯವ ಎಂತ ಒಬ್ಬನೇ ಓಡುವುದು? ಬೇರೆಯವರಿಗೆ ಕೊಡುವುದೇ ಇಲ್ಲ" ಎಂದರು ಅಜ್ಜಿ.

"ಅವ ನಮ್ಮ ಅಳಿಯನ ಹಾಗೆ" ಎಂದರು ಉಮ್ಮ.

ಅಂಗಡಿಗೆ ಬಂದವರು ಗಂಟೆಗಟ್ಟಲೆ ಬಾಯಾರಿ ಕೂತಿರುತ್ತಾರೆಂಬ ಸುದ್ದಿ ಅತ್ತೆಯ ಕಿವಿಗೆ ಬಿತ್ತು. "ಮಾನ ಉಂಟಾ ನಿಮಗೆ ಇಬ್ಬರಿಗೂ?" ಎಂದು ನಮ್ಮನ್ನು ತರಾಟೆಗೆ ತೆಗೆದುಕೊಂಡರು. ಮೊದಲ ದಿನ ಮನೆಯಿಂದ ಬೆಲ್ಲ ಮತ್ತು ನೀರು ಹೋಯಿತು. ಮರುದಿನ ಫ್ಲಾಸ್ಕಿನಲ್ಲಿ ಚಹಾ. ಮೂರನೆಯ ದಿನ ಒಂದು ಸಣ್ಣ ಸ್ಟವ್, ಬಾಣಲೆ, ಮತ್ತು ನಾನು. ಡಿಸ್ಕಿನ ಗೋಡೆಯ ಪಕ್ಕ, ಅಟ್ಟದ ಕೆಳಗಿನ ಜಾಗದಲ್ಲಿ ಮೈದಾಕ್ಕೆ ಮೊಸರು ಕಲಸಿ ಗೋಳಿಬಜೆ ಕರಿದು ತಟ್ಟೆಯಲ್ಲಿ ಕೊಟ್ಟೆ. ಕೊಟ್ಟದ್ದು ಪುಕ್ಕಟೆಯೇ. ಆದರೆ ಅಜ್ಜಿಯಂದಿರು ಸೊಂಟದ ಚೀಲ ಬಿಚ್ಚಿದರು. ಆಟಕ್ಕೆ ದುಡ್ಡು ಕೊಡುವುದು ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ತಿಂಡಿ ತಿಂದು ದುಡ್ಡು ಕೊಡದೆ ಏಳುವುದು ಮಾತ್ರ ಅವರಿಂದ ಸಾಧ್ಯವೇ ಇರಲಿಲ್ಲ. "ಹೋಟ್ಲಲ್ಲಿ ಸುಮ್ಮನೆ ತಿಂದು ಹೋಗುವ ಜನವಾ ನಾವು?" ಎಂದು ಉಮ್ಮ ನನಗೇ ಜೋರು ಮಾಡಿದರು.

ಬೆಳ್ತಂಗಡಿಗೆ ಡಾಕ್ಟರ ಹತ್ತಿರ ಹೋಗುವವರು, ಬಿ.ಸಿ. ರೋಡಿನಿಂದ ಸಾಮಾನು ತಂದವರು, ಬಸ್ಸಿಗೆ ಸಮಯವಿದ್ದರೆ ಅಜ್ಜಿಯಂದಿರನ್ನು ಮಾತಾಡಿಸಲು ಒಳಗೆ ಬರತೊಡಗಿದರು. ಚಹಾ ಕುಡಿದರು. ಯಂತ್ರಗಳು ಆಡುತ್ತಲೇ ಇದ್ದವು, ನಷ್ಟವೂ ಆಗುತ್ತಲೇ ಇತ್ತು. ಕೋಣೆಯ ಬಾಡಿಗೆ ಮಾತ್ರ ಬಾಣಲೆಯಿಂದ ಹುಟ್ಟುತ್ತಿತ್ತು.

ನನಗೆ ಹಿಗ್ಗು. ಇವರಿಗೆ ಅವಮಾನ.

"ನಾನು ಇಟ್ಟದ್ದು ಗೇಮ್ ಅಂಗಡಿ, ಹೋಟೆಲ್ ಅಲ್ಲ."

"ನೀವೇ ಹೇಳಿದ್ದಲ್ವಾ, ಯಂತ್ರದಲ್ಲಿ ನಷ್ಟ, ಬೇರೆಯದರಲ್ಲಿ ಲಾಭ ಅಂತ."

"ಬೇರೆಯದು ಅಂದ್ರೆ ಗೇಮ್ ಮಾರಾಯ್ತಿ. ಗೋಳಿಬಜೆ ಅಲ್ಲ."

ಇಷ್ಟರಲ್ಲಿ ಕಂಪೆನಿಯ ಸುದ್ದಿಗಳೂ ಕೆಡುತ್ತ ಬಂದವು. ಹಳೆಯ ಯಂತ್ರದ ಬೆಲೆಯನ್ನೇ ಏರಿಸಿದರು. ಯಾವ ಸಾಮಾನಾದರೂ ಹಳತಾದ ಹಾಗೆ ಅಗ್ಗವಾಗುವುದು ಎಂದು ನಾನು ತಿಳಿದಿದ್ದೆ. ತಮ್ಮದೇ ಆಟಗಳನ್ನು ಎದುರಾಳಿಯ ಯಂತ್ರಕ್ಕೂ ಮಾರತೊಡಗಿದರು. ಒಂದಷ್ಟು ಮಂದಿಯನ್ನು ಕೆಲಸದಿಂದ ತೆಗೆದು ಅದನ್ನು "ಹಗುರವಾಗುವುದು" ಎಂದು ಬರೆದಿದ್ದರು. ಇಂಥ ಸುದ್ದಿ ಓದಿದ ದಿನ ಇವರು ಅಂಗಡಿಗೆ ಹೋಗುವಾಗ ಕಾಲು ಎಳೆಯುತ್ತಿದ್ದರು, ಸಂಜೆ ಬಂದು ವಿಮಾನದ ದರ ನೋಡುತ್ತಿದ್ದರು. ಹೀಗಾಗಿ ಆ ಕಂಪೆನಿ ಉದ್ಧಾರವಾದರೆ ಗಂಡ ಊರಿನಲ್ಲಿ ನಿಲ್ಲುತ್ತಾರೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಗಟ್ಟಿಯಾಯಿತು. ಅತ್ತೆಯ ಜೊತೆ ಪೊಳಲಿ ದೇವಸ್ಥಾನಕ್ಕೆ ಹೋದಾಗ ಅಮ್ಮನ ಎದುರು ಕಣ್ಣು ಮುಚ್ಚಿ, ಮುಖ ನೋಡಿಲ್ಲದ, ಊರು ಗೊತ್ತಿಲ್ಲದ ಆ ಕಂಪೆನಿಗೆ ಲಾಭ ಬರಲಿ ಎಂದು ಬೇಡಿಕೊಂಡೆ. ಭಟ್ಟರು ಅರ್ಚನೆಗೆ ಹೆಸರು, ನಕ್ಷತ್ರ ಕೇಳಿದರು. ಗಂಡನದ್ದೇ ಹೇಳಿದೆ.

ಬಿಸು ಹತ್ತಿರ ಬಂತು. ಒಂದು ಬೆಳಗ್ಗೆ ಇವರು ಅಂಗಡಿಯ ಬೀಗ ತೆಗೆಯುತ್ತ, "ಟಿಕೆಟ್ ಮಾಡ್ತೇನೆ. ಚಾ ಮಾರ್ಲಿಕ್ಕೆ ನಾನು ಬಂದದ್ದಲ್ಲ" ಎಂದರು. ಹೋಗಬೇಡಿ ಎಂದು ನಾನು ಹೇಳಲಿಲ್ಲ. ಸಿಸ್ಟರುಗಳು ನಮಗೆ ಕೇಳಿ ಪಡೆಯುವುದನ್ನು ಕಲಿಸಿರಲಿಲ್ಲ, ತಟ್ಟೆಯನ್ನು ಇನ್ನೊಮ್ಮೆ ಮುಂದಿಡುವುದನ್ನು ಕಲಿಸಿದ್ದರು. ನಾನು ಒಳಗೆ ಹೋಗಿ ಹಿಟ್ಟು ಕಲಸಿದೆ. ಮೊಸರು ಜಾಸ್ತಿಯಾಗಿ ಹಿಟ್ಟು ನೀರಾಯಿತು.

ಮಧ್ಯಾಹ್ನದ ಹೊತ್ತಿಗೆ ಗಲ್ಫಿನಿಂದ ಫೋನು ಬಂತು. ಇವರು ಕೆಟ್ಟುಹೋದ ಕಂಟ್ರೋಲರನ್ನು ಬಿಚ್ಚಿ ಕೂತಿದ್ದರಿಂದ ಸ್ಪೀಕರಿಗೆ ಹಾಕಿದರು. ಮ್ಯಾನೇಜರು ಕಾಸರಗೋಡಿನವರು, ಚೆನ್ನಾಗಿ ಕನ್ನಡ ಮಾತಾಡುತ್ತಾರೆ.

"ಟಿಕೆಟ್ ಮಾಡಿಯಾಯ್ತಾ?"

"ಇವತ್ತು ಮಾಡ್ಬೇಕು ಅಂತ ಇದ್ದೇನೆ ಸರ್."

"ಮಾಡ್ಬೇಡಿ ಮಾರಾಯ್ರೆ. ಗೇಮ್ ವಿಭಾಗ ತೆಗೆದುಬಿಟ್ರು. ಡಿಸ್ಕ್ ಹೋಗುವುದೇ ಇಲ್ಲ. ಕಂಪೆನಿಯೇ ಡಿಸ್ಕ್ ಬೇಡ ಅಂತ ಹೇಳಿದ ಮೇಲೆ ಅಂಗಡಿಯಲ್ಲಿ ಎಂತ ಮಾರುವುದು? ನಿಮ್ಮ ಜಾಗದಲ್ಲಿ ಈಗ ಎಣ್ಣೆ ಇಲ್ಲದೆ ಕರಿಯುವ ಯಂತ್ರ ಇಟ್ಟಿದ್ದಾರೆ. ಅದು ಒಳ್ಳೆ ಹೋಗ್ತಾ ಉಂಟು."

ಇವರು ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟರು. ನನ್ನ ಬಾಣಲೆಯ ಎಣ್ಣೆ ಹೊಗೆಯಾಡುತ್ತಿತ್ತು. ಉರಿ ಸಣ್ಣ ಮಾಡಿದೆ. ಇಷ್ಟು ತಿಂಗಳು ನಾನು ಲಾಭ ಬೇಡಿಕೊಂಡು ಬಂದ ಕಂಪೆನಿ, ನಷ್ಟ ತಾಳಲಾರದೆ ಡಿಸ್ಕು ಬಿಟ್ಟು, ನನ್ನ ಗಂಡನನ್ನು ನನಗೆ ಬಿಟ್ಟುಕೊಟ್ಟಿತ್ತು. ಆದರೆ ಅವರ ಮುಖ ನೋಡಿದರೆ ಹಿಗ್ಗುವ ಹಾಗಿರಲಿಲ್ಲ. ಕೆಲಸ ಮಾತ್ರ ಅಲ್ಲ, ಅವರು ಅರ್ಧ ಆಯುಷ್ಯ ಕಳೆದ ಆ ಗೇಮ್ ವಿಭಾಗವೂ ಹೋಗಿತ್ತು. ನಾನು ಸೆರಗಿನಿಂದ ಬಾಯಿ ಒರೆಸಿಕೊಂಡೆ. ಬಾಯಲ್ಲಿ ನಗುವಲ್ಲದೆ ಒರೆಸಿಕೊಳ್ಳಲು ಏನೂ ಇರಲಿಲ್ಲ.

ಟಿ.ವಿ.ಯ ಎದುರು ಕೂತಿದ್ದ ವೇಣೂರಿನ ಅಜ್ಜಿ ಮೊದಲು ಮಾತಾಡಿದರು. "ಎಣ್ಣೆ ಇಲ್ಲದೆ ಎಂತ ಕರಿಯುವುದು, ಮಣ್ಣಾ?" ಎಂದು ಉಮ್ಮನನ್ನು ಕೇಳಿ, ಮತ್ತೆ ಇವರ ಕಡೆ ತಿರುಗಿ, "ಅಲ್ಲಿಯ ಕೆಲಸ ಹೋಯ್ತಾ ಮಗಾ?"

"ಹೋಯ್ತು ಅಜ್ಜಿ."

"ಹಾಗಾದ್ರೆ ನಾಳೆಯಿಂದ ಬಾಗಿಲು ಸ್ವಲ್ಪ ಬೇಗ ತೆಗಿ. ನನ್ನ ಬಸ್ಸು ಬೇಗ ಬಂದು ಮುಟ್ತದೆ. ದಿನಾ ಗೊಬ್ಬರದ ಅಂಗಡಿಯ ಜಗಲಿಯಲ್ಲಿ ಕೂತು ಆ ವಾಸನೆಗೆ ನನ್ನ ತಲೆಯೇ ಸಿಡಿಯುವುದು."

ಮರುದಿನ ಕಾಫಿಯ ಹೊತ್ತಿಗೆ ಇವರು ಎಂದಿನಂತೆ ಮೊಬೈಲು ಕೊಟ್ಟರು. ಡಿಸ್ಕನ್ನು ಬಿಟ್ಟದ್ದು ದೂರದೃಷ್ಟಿಯ ನಿರ್ಧಾರ, ಕೆಲವರಿಗೆ ತಾತ್ಕಾಲಿಕವಾಗಿ ತೊಂದರೆಯಾಗಬಹುದಾದರೂ ಮುಂದೆ ಎಲ್ಲರಿಗೂ ಒಳಿತೇ ಆಗುವುದು ಎಂದು ಕಂಪೆನಿಯ ಮುಖ್ಯಸ್ಥರು ಹೇಳಿದ್ದರು. ನಾನು ನಿಧಾನವಾಗಿ, ಒಂದೂ ಪದ ಬಿಡದೆ ಓದಿದೆ.

"ಒಳ್ಳೆಯ ನಿರ್ಧಾರ" ಎಂದೆ.

"ಯಾರಿಗೆ?"

"ಕಂಪೆನಿಗೆ."

ಅವರು ನನ್ನನ್ನು ನೋಡಿದರು. ಲೋಟದ ತಳದ ಕಾಫಿ ಕುಡಿದು, ಮೊಬೈಲು ಜೇಬಿಗೆ ಹಾಕಿಕೊಂಡು, ಬೈಕಿನ ಕೀಲಿ ಹುಡುಕುತ್ತ ಬಾಗಿಲ ತನಕ ಹೋದವರು ಅಲ್ಲಿಂದಲೇ ಕೇಳಿದರು:

"ಮೈದಾ ಎಷ್ಟು ತರ್ಬೇಕು?"